ಟೇಪು ಸುತ್ತಿದ ಪ್ಲಗ್ಗು

ಮತ್ತೆ ರಿಸ್ಟಾರ್ಟ್ ಮಾಡಿದ್ದಾಯಿತು, ಪರದೆಯ ಮೇಲಿನ ಹಳದಿ ತ್ರಿಕೋನ ಮಾತ್ರ ಕದಲಲಿಲ್ಲ. ತ್ರಿಕೋನದ ಹೊಟ್ಟೆಯಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ ಎಂದು ಅವನಿಗೆ ರೇಗಿತು. ಬೆಳಿಗ್ಗೆಯಿಂದ ಕಂಪ್ಯೂಟರಿಗೆ ನೆಟ್ ಇಲ್ಲ, ತಪ್ಪು ಒಳಗೆ ನೆಟ್ ಹಿಡಿದುಕೊಡುವ ನೆಟ್‌ವರ್ಕ್ ಅಡಾಪ್ಟರಿನದು, ಅಷ್ಟು ಗೊತ್ತಾಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಪರದೆಯಲ್ಲಿ ಅದರ ಹೆಸರಿನ ಮೇಲೆ ಒತ್ತಿದರೆ ಸಣ್ಣದೊಂದು ಚೌಕ ತೆರೆದುಕೊಂಡು ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳುತ್ತಿತ್ತು: ಈ ಸಾಧನ ಶುರುವಾಗಲು ಆಗುತ್ತಿಲ್ಲ, ಕೋಡ್ ಹತ್ತು. ಯಾಕೆ ಆಗುತ್ತಿಲ್ಲ, ಏನು ಮಾಡಿದರೆ ಆಗುತ್ತದೆ, ಅದರ ಸುದ್ದಿಯೇ ಇಲ್ಲ. ಕೆಳಗೆ ‘ಸರಿ’ ಎಂದು ಒತ್ತಲು ಒಂದು ಗುಂಡಿ. ಸರಿಯಿಲ್ಲ ಎನ್ನಬೇಕಾದವನಿಗೆ ಗುಂಡಿ ಕೊಟ್ಟಿರಲಿಲ್ಲ. ಅವನು ಹಲ್ಲು ಕಚ್ಚಿಕೊಂಡು ಸರಿ ಎಂದ. ಅಡಾಪ್ಟರನ್ನು ನಡೆಸುವ ಡ್ರೈವರ್ ತಂತ್ರಾಂಶ ತೆಗೆದುಹಾಕಿದ್ದ, ಮತ್ತೆ ಹಾಕಿದ್ದ, ಹಳೆಯದಕ್ಕೆ ಹಿಂದಿರುಗಿದ್ದ, ಕೇಬಲ್ ಕಿತ್ತು ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದ್ದ. ಊದಿದರೆ ಏನಾಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಮಾಡಲು ಉಳಿದದ್ದು ರಿಸ್ಟಾರ್ಟ್ ಒಂದೇ, ಹಾಗಾಗಿ ಅದನ್ನೇ ಮಾಡುತ್ತಿದ್ದ. ಪರದೆ ಕಪ್ಪಾದಾಗಲೆಲ್ಲ ಅದರಲ್ಲಿ ಅವನ ಮುಖವೂ, ಮುಖದ ಹಿಂದೆ ತೆರೆದ ಬಾಗಿಲೂ, ಬಾಗಿಲಿನಾಚೆ ನಡುಮನೆಯ ಕುರ್ಚಿಯಲ್ಲಿ ಕೂತ ಅಪ್ಪನೂ ಕಾಣಿಸುತ್ತಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಊಟವಾದಾಗಿನಿಂದ ಹಾಗೆಯೇ ಕೂತಿದ್ದ.

ಕಾಲಿಗೆ ಶೂ ಬೇರೆ. ಕ್ಯಾಮೆರಾಕ್ಕೆ ಕಾಣುವುದು ಎದೆಯವರೆಗೆ ಮಾತ್ರ ಎಂದು ಅವನು ಊಟದ ಹೊತ್ತಿನಲ್ಲೇ ಹೇಳಿದ್ದ. “ಕಾಲು ಕಾಣಲ್ಲ ಅಪ್ಪ, ಶೂ ಯಾಕೆ?” “ಅವರಿಗೆ ಕಾಣಲ್ಲ. ನಂಗೆ ಗೊತ್ತಿರುತ್ತಲ್ಲ,” ಎಂದು ಅಪ್ಪ ಬಗ್ಗಿ ಲೇಸು ಕಟ್ಟಿಕೊಂಡಿದ್ದ. ನಾಲ್ಕು ಗಂಟೆಗೆ ಹಿರಿಯರ ವಸತಿಯ ಮೇಲ್ವಿಚಾರಕಿ ವಿಡಿಯೋದಲ್ಲಿ ಬರುವವರಿದ್ದರು. ಅವರಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಹೇಗೆ ಖಾಲಿಯಾಯಿತು ಎಂದು ಇವನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಡಾಕ್ಟರು ನೋಡಿದ್ದೂ ಆಗಿತ್ತು, ಇವನ ಸಹಿಯೂ ಆಗಿತ್ತು. ಬಾಕಿ ಉಳಿದದ್ದು ಒಂದೇ: ಬರುವವರು ತಮ್ಮ ಬಾಯಿಂದಲೇ ಬರುತ್ತೇನೆ ಅನ್ನಬೇಕು. “ಒತ್ತಾಯಕ್ಕೆ ಕರ್ಕೊಂಡು ಬಂದು ಬಿಟ್ಟು ಹೋದ್ರೆ ಅವರೂ ಕೊರಗ್ತಾರೆ, ನಮಗೂ ಕಷ್ಟ,” ಎಂದಿದ್ದರು ಆಕೆ. ಇವತ್ತು ಮಾತು ಆಗದಿದ್ದರೆ ಕೋಣೆ ಸರದಿಯಲ್ಲಿ ಮುಂದಿನವರ ಪಾಲು. ಅಪ್ಪನನ್ನು ಕೇಳಿದಾಗ ಅಪ್ಪ, “ನೋಡೋಣ, ಅವರ ಹತ್ರ ಮಾತಾಡ್ತೀನಿ,” ಎಂದಿದ್ದ. ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಆ ‘ನೋಡೋಣ’ದ ಮೇಲೆ ಅವನೂ ಅವನ ಹೆಂಡತಿಯೂ ಅಂದಿನಿಂದ ತುದಿಗಾಲಲ್ಲಿ ನಿಂತಿದ್ದರು. ಈ ಕರೆಗೆಂದೇ ಇವತ್ತು ಇಬ್ಬರೂ ರಜೆ ಹಾಕಿದ್ದರು.

“ರೀ, ನನ್ನ ಫೋನಲ್ಲೇ ಮಾಡಿ ಮುಗಿಸ್ಬಾರ್ದಾ?” ಹೆಂಡತಿ ಒಣಗಿದ ಬಟ್ಟೆಯ ರಾಶಿಯನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಫೋನಿನ ದನಿ ಅಪ್ಪನಿಗೆಲ್ಲಿ ಕೇಳುತ್ತೆ? ಇದಕ್ಕಾದ್ರೆ ದೊಡ್ಡ ಸ್ಪೀಕರ್ ಇದೆ,” ಎಂದ. “ಕಿವಿ ಹತ್ರ ಹಿಡಿದ್ರಾಯ್ತು.” “ಕಿವಿ ಹತ್ರ ಹಿಡಿದ್ರೆ ಅವರಿಗೆ ಬರೀ ಕಿವಿ ಕಾಣುತ್ತೆ. ಕಿವಿ ನೋಡಿ ಕೋಣೆ ಕೊಡ್ತಾರಾ?” ತಾನೇನೋ ತಮಾಷೆ ಮಾಡಿದೆ ಅಂದುಕೊಂಡ, ಅವಳು ನಗಲಿಲ್ಲ. “ಬೆಳಿಗ್ಗೆಯಿಂದ ಆ ಡಬ್ಬಿ ಮುಂದೆ ಕೂತಿದೀರಿ. ಕೆಲಸ ಆಗ್ಬೇಕೋ, ಅದು ರಿಪೇರಿ ಆಗ್ಬೇಕೋ, ಯಾವುದು ಅಂತ ನೀವೇ ಹೇಳಿ,” ಎಂದು ಹೊರಟುಹೋದಳು. ಫೋನಿಗೆ ನೆಟ್ ಇತ್ತು. ಅಪ್ಪನ ಕಿವಿ ಅಷ್ಟೇನೂ ಮಂದವಾಗಿರಲಿಲ್ಲ. ಬೇರೆ ಕೋಣೆಯಲ್ಲಿ ಇವರಿಬ್ಬರು ಪಿಸುಗುಟ್ಟಿದ್ದು ಅಪ್ಪನಿಗೆ ಕೇಳಿಸಿಬಿಟ್ಟಿತು ಎಂಬ ಅನುಮಾನ ಅವನಿಗೆ ಎಷ್ಟು ಸಲ ಬಂದಿಲ್ಲ. ಫೋನಿನಲ್ಲಿ ಮುಗಿಸಬಹುದು, ಅದು ಅವನಿಗೂ ಗೊತ್ತು. ಆದರೆ ಫೋನು ಕೈಯಲ್ಲಿ ಹಿಡಿದರೆ ಅಪ್ಪನ ಮಗ್ಗುಲಲ್ಲೇ, ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಅದನ್ನು ನೆನೆದರೆ ಸಾಕು, ಕೈ ತಾನಾಗಿಯೇ ಮೌಸಿಗೆ ಹೋಗಿ ಮತ್ತೊಮ್ಮೆ ರಿಸ್ಟಾರ್ಟ್ ಒತ್ತುತ್ತಿತ್ತು.

ಇದರಲ್ಲಿನ ಅವಮಾನ ಏನೆಂದರೆ, ಕಂಡವರ ಯಂತ್ರಗಳನ್ನು ಫೋನಿನಲ್ಲೇ ಸರಿಮಾಡಿಸುವುದು ಅವನ ಹೊಟ್ಟೆಪಾಡು. ಒಂದು ವಾಷಿಂಗ್ ಮಷಿನ್ ಕಂಪನಿಯ ಸಹಾಯವಾಣಿ. ಇದೇ ಮೇಜಿನ ಮುಂದೆ, ಇದೇ ಕಂಪ್ಯೂಟರಿನಲ್ಲಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನವಿಡೀ ಮುಖ ಕಾಣದ ಜನರ ಬೈಗುಳ ಕೇಳಬೇಕು. ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ’ ಎಂದು ಶುರು, ‘ಇನ್ನೇನಾದರೂ ಸಹಾಯ ಬೇಕಿತ್ತಾ’ ಎಂದು ಮುಕ್ತಾಯ. ಇವೆರಡರಲ್ಲಿ ಯಾವುದನ್ನು ಮರೆತರೂ ಅಂಕ ಕಡಿತ. ನಡುವೆ ಮೊಟ್ಟಮೊದಲು ಹೇಳಬೇಕಾದ ಮಾತು ಒಂದಿತ್ತು: ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿ. ಅದು ಯಂತ್ರಕ್ಕೆ ಹೇಳಿದ ಮದ್ದಲ್ಲ ಎಂದು ತರಬೇತಿಯ ಮೊದಲ ದಿನವೇ ಕಲಿಸಿಕೊಟ್ಟವನು ಅವನ ಮೇಲಧಿಕಾರಿ, ಎಲ್ಲರೂ ತುತ್ತೂರಿ ಎಂದು ಕರೆಯುತ್ತಿದ್ದವನು. “ಅದು ನಿಮಗೋಸ್ಕರ. ಅವರು ಮಷಿನ್ ಜರುಗಿಸಿ ಪ್ಲಗ್ ಹುಡುಕೋ ಅಷ್ಟರಲ್ಲಿ ನೀವು ಉತ್ತರ ಹುಡುಕ್ಕೋಬೇಕು. ಅವರ ಪಿತ್ತಾನೂ ಇಳಿದಿರುತ್ತೆ.” ಅಲ್ಲಿಂದ ಈಚೆಗೆ ಅವನು ಸಾವಿರಾರು ಜನರಿಂದ ಪ್ಲಗ್ ಕೀಳಿಸಿದ್ದ, ಒಬ್ಬರದ್ದಾದರೂ ಅದರಿಂದ ಸರಿಹೋಗುತ್ತದೆ ಎಂದು ನಂಬಿರಲಿಲ್ಲ. ಸರಿಹೋದರೆ ಅದು ಅವರ ಅದೃಷ್ಟ. ಈ ಕಸುಬಿನವರು ಯಾರೂ ತಮ್ಮ ಮನೆಯಲ್ಲಿ ಆ ಕೆಲಸ ಮಾಡುವುದಿಲ್ಲ. ಅಡುಗೆಯವನು ತನ್ನ ಹೋಟೆಲಿನಲ್ಲಿ ಉಣ್ಣದ ಹಾಗೆ. ಅವನಂತೂ ಮಾಡುವಂತೆಯೇ ಇರಲಿಲ್ಲ. ಮೇಜಿನ ಕೆಳಗೆ, ಗೋಡೆಯ ಬುಡದಲ್ಲಿ, ಅವನ ಕಂಪ್ಯೂಟರಿನ ಪ್ಲಗ್ಗಿಗೂ ಅದರ ಸ್ವಿಚ್ಚಿಗೂ ಸೇರಿಸಿ ಸುತ್ತುಸುತ್ತು ಕಂದು ಟೇಪು ಬಿಗಿದಿತ್ತು, ಬಿಗಿದವನು ಅವನೇ.

ಅಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಅಚ್ಚಿನ ಮನೆಯಲ್ಲಿ ಯಂತ್ರಗಳ ಮೇಲ್ವಿಚಾರಣೆ ನೋಡಿಕೊಂಡಿದ್ದವನು. ಎಲ್ಲರೂ ಹೋದ ಮೇಲೆ ಒಂದೊಂದೇ ಸ್ವಿಚ್ಚು ಆರಿಸಿ, ಒಂದೊಂದೇ ಪ್ಲಗ್ಗು ಕಿತ್ತು, ಪ್ರತಿ ಯಂತ್ರದ ಬೆನ್ನ ಮೇಲೂ ಅಂಗೈ ಇಟ್ಟು ಬಿಸಿ ಆರಿದೆಯಾ ಎಂದು ನೋಡಿ, ಆಮೇಲೆ ಬೀಗ ಹಾಕಿಕೊಂಡು ಬರುತ್ತಿದ್ದ. ಚಿಕ್ಕವನಿದ್ದಾಗ ಇವನೂ ಒಂದೆರಡು ಸಲ ಜೊತೆಗೆ ಹೋಗಿದ್ದ. ಕತ್ತಲಾದ ಆ ದೊಡ್ಡ ಕೋಣೆಯಲ್ಲಿ ಶಾಯಿಯ ವಾಸನೆ, ಅಪ್ಪನ ಅಂಗೈ ಲೋಹದ ಮೇಲೆ, “ಆಯ್ತು, ಇದು ಮಲಗ್ತು” ಎನ್ನುವ ಮಾತು. ಆಗ ಅದು ಚೆಂದವಿತ್ತು. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಅದೇ ಅಭ್ಯಾಸ ಮನೆಯವರ ಪ್ರಾಣ ಹಿಂಡತೊಡಗಿತು. ಚಾರ್ಜಿಗೆ ಹಾಕಿದ ಫೋನು ಬೆಳಿಗ್ಗೆ ಎದ್ದು ನೋಡಿದರೆ ಸತ್ತಿರುತ್ತಿತ್ತು. ಸೊಸೆ ಬಚ್ಚಲಲ್ಲಿ ಸೋಪು ಹಚ್ಚಿಕೊಂಡಿರುವಾಗ ದೀಪ ಆರುತ್ತಿತ್ತು, “ಮಾವಾ, ನಾನಿದೀನಿ!” ಎಂಬ ಕೂಗು ಬೀದಿಗೆಲ್ಲ ಕೇಳುತ್ತಿತ್ತು. ಎರಡು ದಿನಕ್ಕೆಂದು ನೆಂಟರ ಮನೆಗೆ ಹೋಗಿ ಬಂದರೆ ಫ್ರಿಜ್ಜಿನ ಪ್ಲಗ್ಗು ನೆಲದ ಮೇಲೆ, ಒಳಗಿದ್ದ ಹಾಲು ಮೊಸರೆಲ್ಲ ನಾರುತ್ತಿತ್ತು. ಅದರಲ್ಲೂ ಈ ಕಂಪ್ಯೂಟರಿನ ಮೇಲೆ ಅಪ್ಪನಿಗೊಂದು ಕಣ್ಣು. ಆರಿಸಿದರೂ ಅದರ ಬೆನ್ನಿನಲ್ಲಿ, ಕೇಬಲ್ ಸಿಕ್ಕಿಸುವ ಕಡೆ, ಸಾಸಿವೆಕಾಳಿನಷ್ಟು ಒಂದು ಹಸಿರು ದೀಪ ಉರಿಯುತ್ತಲೇ ಇರುತ್ತಿತ್ತು. “ಅದು ಇನ್ನೂ ಎದ್ದಿದೆ ಕಣೋ,” ಎನ್ನುತ್ತಿದ್ದ ಅಪ್ಪ. “ಅದು ಹಾಗೇ ಇರೋದು ಅಪ್ಪ.” “ಆರಿಸಿದ ಮೇಲೂ ಎದ್ದಿರುತ್ತೆ ಅಂದ್ರೆ ಅದೆಂಥ ಆರಿಸೋದು?” ಎಂದು ಗೊಣಗುತ್ತ ಹೋಗಿ ಮಲಗುತ್ತಿದ್ದ. ಬೆಳಿಗ್ಗೆ ನೋಡಿದರೆ ಪ್ಲಗ್ಗು ಕಿತ್ತು ಒಪ್ಪವಾಗಿ ಸುತ್ತಿಟ್ಟಿರುತ್ತಿತ್ತು. ಅವನು ದಿನಾ ಬೈದುಕೊಂಡು ದಿನಾ ಸಿಕ್ಕಿಸುತ್ತಿದ್ದ.

ಟೇಪಿಗೆ ಕಾರಣವಾದ ಆ ದಿನ ಫೋನಿನಲ್ಲಿದ್ದಾಕೆಯ ಮಷಿನ್ನಿನಿಂದ ನೀರು ಸೋರಿ ಮನೆಯೆಲ್ಲ ಕೆರೆಯಾಗಿತ್ತು. ಆಕೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಇವನು ಆಕೆಯ ಕಿವಿಗೆ ಸಂಗೀತ ಹಾಕಿ ಕಾಯಲು ಬಿಟ್ಟು, ಒಂದು ಲೋಟ ನೀರು ಕುಡಿದು ಬರೋಣವೆಂದು ಅಡುಗೆಮನೆಗೆ ಹೋದ. ಬರುವಷ್ಟರಲ್ಲಿ ಕುರ್ಚಿ ಖಾಲಿ ಇದೆ, ಯಂತ್ರ ಓಡುತ್ತಿದೆ ಎಂದು ಅಪ್ಪ ಬಗ್ಗಿ ಪ್ಲಗ್ಗು ಕಿತ್ತು, ಕಂಪ್ಯೂಟರಿನ ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತಿದ್ದ. ನೌಕರರ ಕರೆಗಳನ್ನು ತುತ್ತೂರಿ ಸರದಿಯ ಮೇಲೆ ಕದ್ದು ಕೇಳುತ್ತಿದ್ದ, ಅವತ್ತೇ ಇವನ ಸರದಿ. ಬೈಯುವ ಗಿರಾಕಿಯ ಕರೆಯನ್ನು ಇವನು ಬೇಕೆಂದೇ ಕತ್ತರಿಸಿದ್ದಾನೆ ಎಂದು ತುತ್ತೂರಿ ಬರೆದುಹಾಕಿದ. ವರ್ಷದಿಂದ ಕಾದಿದ್ದ ಬಡ್ತಿ ಅವನ ಜೊತೆಗೇ ತರಬೇತಿ ಪಡೆದವಳಿಗೆ ಹೋಯಿತು. ಅಪ್ಪನಿಗೆ ಇದನ್ನೆಲ್ಲ ಕೂತು ಹೇಳಬಹುದಿತ್ತು. ಹಾಗೆ ಮಾಡದೆ, ಬಡ್ತಿ ತಪ್ಪಿದ ಸುದ್ದಿ ಬಂದ ಕೂಡಲೇ ಅವನು ನಡುಮನೆಗೆ ನುಗ್ಗಿದ. ಅಲ್ಲಿ ಹೆಂಡತಿಯ ಅಣ್ಣ, ಅತ್ತಿಗೆ ಟೀ ಕುಡಿಯುತ್ತ ಕೂತಿದ್ದರು, ಅಪ್ಪ ಅವರಿಗೆ ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದ. “ಕೈ ಕಟ್ಟಿ ಹಾಕ್ಬೇಕಾ ನಿಂಗೆ? ಮಕ್ಕಳಿಗಾದ್ರೂ ಹೇಳಿದ್ರೆ ಅರ್ಥ ಆಗುತ್ತೆ! ಇನ್ನೊಂದ್ಸಲ ಈ ಮನೇಲಿ ಯಾವ್ದಾದ್ರೂ ಸ್ವಿಚ್ ಮುಟ್ಟಿದ್ರೆ ನೋಡು!” ನೋಡು ಎಂದರೆ ಏನು ನೋಡಬೇಕು ಎಂದು ಅವನಿಗೇ ಗೊತ್ತಿರಲಿಲ್ಲ. ಅತ್ತಿಗೆ ಲೋಟದೊಳಕ್ಕೇ ನೋಡುತ್ತ ಕೂತಳು. ಅವನು ಅಷ್ಟಕ್ಕೆ ನಿಲ್ಲಿಸದೆ ಪಾರ್ಸೆಲ್ ಕಟ್ಟುವ ಟೇಪು ಹುಡುಕಿ ತಂದು, ಎಲ್ಲರಿಗೂ ಕೇಳುವಂತೆ ಪರಪರ ಎಳೆದು ಪ್ಲಗ್ಗಿಗೆ ಸುತ್ತಿದ. ಅಪ್ಪ ಬಾಗಿಲಿಗೆ ಬಂದು ಅದನ್ನು ಕಡೆಯವರೆಗೂ ನೋಡಿ, “ಸರಿಯಪ್ಪ,” ಎಂದು ಮಾತ್ರ ಹೇಳಿದ.

ಆಮೇಲೆ ಅಪ್ಪ ಈ ಮನೆಯ ಒಂದು ಸ್ವಿಚ್ಚನ್ನೂ ಮುಟ್ಟಲಿಲ್ಲ. ಅದೇ ಈಗಿನ ಹೊಸ ಗೋಳು. ಸೆಕೆಗೆ ಬೆವರುತ್ತ ಕೂತು, ಯಾರಾದರೂ ಹಾದುಹೋದರೆ, “ಫ್ಯಾನ್ ಹಾಕ್ತೀಯೇನಪ್ಪ?” ಅಪ್ಪನ ಕೋಣೆಗೆ ಕಿಟಕಿ ಇಲ್ಲ, ಹಗಲಲ್ಲೂ ದೀಪ ಬೇಕು; ಅಲ್ಲಿ ಕತ್ತಲಲ್ಲೇ ಹಾಸಿಗೆಯ ಮೇಲೆ ಕೂತಿರುತ್ತಿದ್ದ. ಸೊಸೆ ಹೋಗಿ ದೀಪ ಹಾಕಿದರೆ, “ಬಂತಾ ಕರೆಂಟು?” ಎಂದು ನಗುತ್ತಿದ್ದ. ಕತ್ತಲ ಬಚ್ಚಲಲ್ಲಿ ಬಕೆಟ್ಟಿಗೆ ಎಡವಿ ಮೊಣಕಾಲು ಕೆತ್ತಿಕೊಂಡು ಬಂದ ದಿನ ಅವನು ಕೈ ಮುಗಿದು ಹೇಳಿದ್ದ: “ಅಪ್ಪಾ, ನಿನ್ನ ದಮ್ಮಯ್ಯ, ಸ್ವಿಚ್ ಹಾಕ್ಕೋ. ಅವತ್ತೇನೋ ಕೋಪದಲ್ಲಿ ಅಂದೆ.” “ಹೂಂ, ಹೂಂ,” ಎಂದ ಅಪ್ಪ. ಮಾರನೆಯ ದಿನ ಮತ್ತೆ, “ಲೈಟ್ ಹಾಕ್ತೀಯೇನಪ್ಪ?” ಇದು ವಿಧೇಯತೆಯೋ ಮುಷ್ಕರವೋ ಅವನಿಗೆ ತಿಳಿಯಲಿಲ್ಲ. ಮುಷ್ಕರವಾಗಿದ್ದರೆ ಜಗಳವಾಡಬಹುದಿತ್ತು. ಅಪ್ಪನ ಮುಖದಲ್ಲಿ ಹಟದ ಗೆರೆಯೇ ಇರಲಿಲ್ಲ, ಅದೇ ಮೈ ಉರಿಸುತ್ತಿತ್ತು. ಸ್ವಿಚ್ಚು ಹಾಕಿ ಕೊಡುವುದೇ ಒಂದು ಕೆಲಸವಾದ ಮೇಲೆ, ಹೆಂಡತಿಯೂ ಹೊರಗೆ ದುಡಿಯುವವಳಾದ್ದರಿಂದ, ಹಗಲೆಲ್ಲ ಅಪ್ಪನನ್ನು ನೋಡಿಕೊಳ್ಳುವವರು ಇರುವ ಜಾಗವೇ ಒಳ್ಳೆಯದು ಎಂಬ ಮಾತು ಒಂದು ರಾತ್ರಿ ಇಬ್ಬರಲ್ಲಿ ಯಾರ ಬಾಯಿಂದಲೋ ಬಂತು. ಯಾರ ಬಾಯಿಂದ ಎಂಬುದನ್ನು ಅವನು ಮರೆತಿದ್ದ, ಅಥವಾ ಮರೆತೆ ಎಂದುಕೊಂಡಿದ್ದ.

ಗಂಟೆ ಮೂರು ದಾಟಿತ್ತು. ಕೊನೆಗೆ ಕಂಪ್ಯೂಟರ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಇದಕ್ಕೆ ಒತ್ತಿ, ಅದಕ್ಕೆ ಒತ್ತಿ, ಆಮೇಲೆ ಸಂಗೀತ. ಸಂಗೀತ ಕೇಳುತ್ತ ಕೂತವನಿಗೆ ಆ ಕಡೆಯವನು ಈಗ ನೀರು ಕುಡಿಯಲು ಹೋಗಿರಬಹುದು ಅನ್ನಿಸಿತು. “ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಸರ್,” ಎಂದಿತು ಒಂದು ಸುಸ್ತಾದ ಗಂಡು ದನಿ. ಅವನಿಗೆ ನಗು ತಡೆಯಲಾಗಲಿಲ್ಲ. “ಏನಾಯ್ತು ಸರ್?” “ಏನಿಲ್ಲ. ಕೋಡ್ ಹತ್ತು. ನೆಟ್‌ವರ್ಕ್ ಅಡಾಪ್ಟರ್ ಶುರುವಾಗ್ತಿಲ್ಲ. ಡ್ರೈವರ್ ಎಲ್ಲಾ ತೆಗೆದು ಹಾಕಿ ಆಗಿದೆ.” “ಆಯ್ತು ಸರ್. ಮೊದಲು ಕಂಪ್ಯೂಟರಿನ ಪ್ಲಗ್ ಗೋಡೆಯಿಂದ ತೆಗೀರಿ.” “ನೋಡಿ, ನಾನೂ ಇದೇ ಕೆಲಸ ಮಾಡೋನು. ಅದು ಬೇಡ, ಅದರ ಮುಂದಿನದು ಹೇಳಿ.” “ಅದು ಮಾಡ್ದೆ ಮುಂದಿನದಕ್ಕೆ ಹೋಗೋಕೆ ಬರಲ್ಲ ಸರ್.” “ಮಾಡಿದೀನಿ.” ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆ ಮೌನ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವನದೇ ಮೌನ. ದಿನಕ್ಕೆ ಹತ್ತಾರು ಸಲ ಸುಳ್ಳುಗಾರರ ಮುಂದೆ ಅವನು ಹಿಡಿಯುವಂಥದ್ದು. “ಸರ್, ನೀವೂ ಇದೇ ಕೆಲಸ ಅಂದ್ರಿ. ‘ಮಾಡಿದೀನಿ’ ಅಂತ ಎಷ್ಟು ಜನ ಹೇಳಿರ್ತಾರೆ ನಿಮಗೆ?” ಅವನ ಕಿವಿ ಬಿಸಿಯಾಯಿತು. “ಪ್ಲಗ್ಗಿಗೆ ಟೇಪ್ ಸುತ್ತಿದೆ,” ಎಂದ. “ಟೇಪ್ ಯಾಕೆ ಸರ್?” ನಡುಮನೆಯ ಕಡೆ ನೋಡಿದ. ಅಪ್ಪ ಗೋಡೆಯ ಗಡಿಯಾರ ನೋಡುತ್ತಿದ್ದ. ದನಿ ತಗ್ಗಿಸಿ, “ಮನೇಲಿ… ಕಿತ್ತು ಹಾಕ್ತಾರೆ,” ಎಂದ. “ಓ, ಹಾಗಾ. ನಮ್ಮನೇಲೂ ಒಂದು ಪುಟ್ಟದಿದೆ ಸರ್, ನಾವೂ ಹಾಗೇ ಸುತ್ತಿದೀವಿ. ಎಷ್ಟು ತಿಂಗಳು ನಿಮ್ಮದಕ್ಕೆ?” ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ. “ಹಲೋ? ಇದೀರಾ ಸರ್? ನೋಡಿ, ಶಟ್‌ಡೌನ್ ಮಾಡಿದ್ರೂ ಪ್ಲಗ್ ಇರೋತನಕ ಆ ಅಡಾಪ್ಟರಿಗೆ ಒಂಚೂರು ಕರೆಂಟು ಹೋಗ್ತಾನೇ ಇರುತ್ತೆ. ಅದು ಒಂದ್ಸಲ ಸಿಕ್ಕಾಕ್ಕೊಂಡ್ರೆ ರಿಸ್ಟಾರ್ಟಿಗೆಲ್ಲ ಬಗ್ಗಲ್ಲ. ಪ್ಲಗ್ ಕಿತ್ತು, ಆನ್ ಮಾಡೋ ಗುಂಡಿ ಒತ್ತಿ ಹಿಡ್ಕೊಳ್ಳಿ. ಒಳಗಿರೋದೆಲ್ಲ ಪೂರ್ತಿ ಆರ್ಬೇಕು ಸರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?”

ಮೇಜಿನ ಕೆಳಗೆ ಮಂಡಿಯೂರಿ ಹೋದ. ಟೇಪಿನ ತುದಿ ಎಲ್ಲಿದೆ ಎಂದು ಉಗುರಿನಿಂದ ಕೆರೆದ. ಸಿಗಲಿಲ್ಲ. ಕೋಪದಲ್ಲಿ ಸುತ್ತಿದ ಟೇಪು, ಎಲ್ಲಿ ಶುರು ಎಲ್ಲಿ ಕೊನೆ ಒಂದೂ ಇಲ್ಲ. ತಿಂಗಳುಗಳ ಧೂಳು ಕುಡಿದು, ಅಂಟು ಕರಗಿ, ಬೆರಳಿಗೆ ಹತ್ತಿದರೆ ಬಿಡಲೊಲ್ಲದು. ಒಂದು ಪಟ್ಟಿ ಎಳೆದರೆ ಉದ್ದಕ್ಕೆ ಬರದೆ ಚೂರುಚೂರಾಗಿ ಹರಿಯಿತು. ಇದನ್ನು ಸುತ್ತುವಾಗ ಉತ್ಸಾಹ ಎಷ್ಟಿತ್ತಪ್ಪ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕಂಪ್ಯೂಟರಿನ ಬೆನ್ನಿನ ಆ ಹಸಿರು ದೀಪ ಮೂಗಿನೆದುರಿಗೇ ಉರಿಯುತ್ತಿತ್ತು. ಅಷ್ಟರಲ್ಲಿ ಕಣ್ಣಂಚಿಗೆ ಪಾಲಿಶ್ ಮಾಡಿದ ಎರಡು ಶೂಗಳು ಕಾಣಿಸಿದವು, ಹೊಸ್ತಿಲಿನ ಆಚೆಗೇ ನಿಂತಿದ್ದವು. “ಜೋಪಾನ, ತಲೆ ತಗುಲೀತು,” ಎಂದ ಅಪ್ಪ. ಅವನು ದಿಗಿಲಿನಿಂದ ತಲೆಯೆತ್ತಿ ಸರಿಯಾಗಿ ಮೇಜಿಗೆ ಬಡಿಸಿಕೊಂಡ. “ಹೇಳಿದ್ನಲ್ಲ,” ಎಂದ ಅಪ್ಪ. “ಪ್ಲಗ್ ಕೀಳ್ಬೇಕಂತೆ,” ಎಂದ ಅವನು ನೆತ್ತಿ ಉಜ್ಜುತ್ತ. 'ನಾನು ಅಂದು ಮಾಡಿದ್ದು ಅದೇ ಅಲ್ವಾ?' ಎಂದು ಅಪ್ಪ ಒಂದು ಮಾತು ಕುಟುಕಿದ್ದರೆ ಎಷ್ಟು ಹಗುರವಾಗುತ್ತಿತ್ತು. ಅವನು ಅದಕ್ಕಾಗಿ ಕಾದ. ಅಪ್ಪ, “ಅಂಟು ಹೋಗ್ಬೇಕಾದ್ರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚು,” ಎಂದಷ್ಟೇ ಹೇಳಿದ. ಎಣ್ಣೆ ಬೇಕಾಗಲಿಲ್ಲ. ಅವನು ಹಲ್ಲು ಕಚ್ಚಿ ಎಳೆದ ರಭಸಕ್ಕೆ ಟೇಪಿನ ಜೊತೆ ಪ್ಲಗ್ಗೂ ಕಿತ್ತು ಬಂತು. ಎದ್ದು ಗುಂಡಿ ಒತ್ತಿ ಹಿಡಿದ. ಹಸಿರು ದೀಪ ಒಮ್ಮೆ ಮಿಣುಕಿ, ಮಂಕಾಗಿ, ಆರಿತು. ಅಪ್ಪ ಕುತ್ತಿಗೆ ಚಾಚಿ ಅದನ್ನೇ ನೋಡುತ್ತಿದ್ದ. ಅಂಗೈ ಒಂದು ಸಲ ಯಂತ್ರದ ಕಡೆಗೆ ಎದ್ದಿತು, ಆಮೇಲೆ ಅಂಗಿಯ ಗುಂಡಿ ಸರಿಮಾಡಿಕೊಂಡು ಕೆಳಗಿಳಿಯಿತು.

ಪ್ಲಗ್ಗು ಸಿಕ್ಕಿಸಿ ಕಂಪ್ಯೂಟರ್ ಹಾಕಿದಾಗ ಹಳದಿ ತ್ರಿಕೋನ ಇರಲಿಲ್ಲ. ನೆಟ್ ಬಂದಿತ್ತು, ಏನೂ ನಡೆದೇ ಇಲ್ಲವೆಂಬಂತೆ. ಇಷ್ಟು ಹೊತ್ತು ಗೋಗರೆದದ್ದು ಇದಕ್ಕೇ, ಆದರೂ ಅವನಿಗೆ ಸಂತೋಷವಾಗಲಿಲ್ಲ. ಇನ್ನು ನೆಪ ಉಳಿದಿರಲಿಲ್ಲ. ಕೆಟ್ಟುಹೋಗಿದೆ, ಇವತ್ತು ಆಗಲ್ಲ ಎಂದು ಆ ಯಂತ್ರ ತನ್ನ ಬದಲಾಗಿ ಹೇಳಲಿ ಎಂದೇ ಬೆಳಿಗ್ಗೆಯಿಂದ ಅದರ ಕಾಲು ಹಿಡಿದು ಕೂತಿದ್ದೆನಾ ಅನ್ನಿಸಿತು. “ಬಂತಾ? ದೇವರು ದೊಡ್ಡವನು,” ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಅಪ್ಪ ಹೊಸ್ತಿಲು ದಾಟಿ ಬಂದು ಕುರ್ಚಿಯಲ್ಲಿ ಕೂತ. ಆ ಕೋಣೆಗೆ ಅಪ್ಪ ಕಾಲಿಟ್ಟು ಎಷ್ಟು ಕಾಲವಾಗಿತ್ತು ಎಂಬುದು ಅವನಿಗೆ ಆಗಲೇ ಹೊಳೆದದ್ದು. ಮೇಜಿನಿಂದ ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಜರುಗಿಸಿಕೊಂಡು, ಕೈ ಎರಡನ್ನೂ ತೊಡೆಗಳ ಕೆಳಗೆ ಸಿಕ್ಕಿಸಿಕೊಂಡಿದ್ದ. “ಅಷ್ಟು ಹಿಂದೆ ಯಾಕೆ ಅಪ್ಪ, ಹತ್ರ ಬಾ.” “ಬೇಡ ಬೇಡ, ಏನಾದ್ರೂ ತಗುಲಿಬಿಟ್ರೆ ಕಷ್ಟ. ಇಲ್ಲಿಂದ ಚೆನ್ನಾಗಿ ಕಾಣುತ್ತೆ.” ಅವನು ಏನೋ ಹೇಳಬೇಕೆಂದು ಬಾಯಿ ತೆರೆದ. ಹೋಗಬೇಡ ಅಪ್ಪ ಎಂದೇ ಹೇಳುತ್ತಿದ್ದನೋ ಏನೋ. ಅಷ್ಟರಲ್ಲಿ ಕರೆ ಬಂತು.

ಮೇಲ್ವಿಚಾರಕಿ ದಪ್ಪ ಕನ್ನಡಕದ, ನಗುಮುಖದ ಹೆಂಗಸು. “ನಮಸ್ಕಾರ ಯಜಮಾನ್ರೇ, ನನ್ನ ಮಾತು ಕೇಳಿಸ್ತಿದೆಯಾ?” “ಚೆನ್ನಾಗಿ ಕೇಳಿಸ್ತಿದೆ ತಾಯಿ.” “ಮಗ ಪಕ್ಕದಲ್ಲಿದಾರಾ? ಬೇಜಾರು ಮಾಡ್ಕೋಬೇಡಿ ಸರ್, ಇವರ ಹತ್ರ ಒಬ್ಬರ ಹತ್ರಾನೇ ಮಾತಾಡ್ಬೇಕು. ನೀವು ಸ್ವಲ್ಪ ಹೊರಗಿರಿ.” ಅವನು ಬಾಗಿಲು ಎಳೆದುಕೊಂಡು ನಡುಮನೆಗೆ ಬಂದು ನಿಂತ. ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಅವನ ಮುಖ ನೋಡಿದಳು. ಅಪ್ಪನಿಗೆ ಕೇಳಲಿ ಎಂದು ಜೋರು ಮಾಡಿಟ್ಟ ಸ್ಪೀಕರಿನಿಂದ ಒಂದೊಂದು ಮಾತೂ ಬಾಗಿಲು ದಾಟಿ ಬರುತ್ತಿತ್ತು. ಊಟದ ವಿಷಯ, ಮೊಣಕಾಲಿನ ವಿಷಯ, ನಿದ್ದೆಯ ವಿಷಯ. ಆಮೇಲೆ, “ಯಜಮಾನ್ರೇ, ಮುಖ್ಯವಾದದ್ದು ಕೇಳ್ತೀನಿ. ನೀವಾಗಿ ನೀವೇ ಬರ್ತಿದೀರಾ? ಮನೇಲಿ ಹೇಳಿದ್ರು ಅಂತ ಬರೋದಾದ್ರೆ ಬೇಡ. ಮನಸ್ಸು ಬಿಚ್ಚಿ ಹೇಳಿ.” ಅಪ್ಪ ಕೆಮ್ಮಿದ. “ಒಂದು ಮಾತು ಕೇಳ್ಬಹುದಾಮ್ಮ?” “ಕೇಳಿ.” “ಅಲ್ಲಿ ನನ್ನ ಕೋಣೆ ಸ್ವಿಚ್ಚು… ನಾನೇ ಹಾಕಿ ಆರಿಸ್ಬಹುದಾ? ಇಲ್ಲ, ಯಾರನ್ನಾದ್ರೂ ಕೇಳ್ಬೇಕಾ?” ಆಕೆ ನಕ್ಕುಬಿಟ್ಟರು. “ಅಯ್ಯೋ, ನಿಮ್ಮ ಕೋಣೆ, ನಿಮ್ಮ ಸ್ವಿಚ್ಚು. ಅದಕ್ಕೆ ಯಾರ್ನ ಕೇಳ್ಬೇಕು? ಯಾಕೆ ಹಾಗೆ ಕೇಳಿದ್ರಿ?” “ಸುಮ್ನೆ ಕೇಳ್ದೆ.” ಅಪ್ಪನ ಕುರ್ಚಿ ಕಿರುಗುಟ್ಟಿತು. “ಹಾಗಾದ್ರೆ ಬರ್ತೀನಮ್ಮ. ನಾನಾಗೇ ಬರ್ತಿರೋದು. ಯಾರೂ ಹೇಳಿಲ್ಲ. ನನ್ನ ಮಗ ಬಹಳ ಒಳ್ಳೇವನು, ಸೊಸೇನೂ ಅಷ್ಟೇ. ಅವರಿಗೆ ಕೆಲಸ ಜಾಸ್ತಿ, ಪಾಪ.” ಹೆಂಡತಿ ಕೈಯಲ್ಲಿದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಅವನಿಗೆ ಹೋಗಲು ಜಾಗ ಇರಲಿಲ್ಲ. ಟೇಪಿನ ಅಂಟು ಇನ್ನೂ ಬೆರಳುಗಳ ನಡುವೆ ಇತ್ತು, ಅದನ್ನೇ ಉಜ್ಜುತ್ತ ನಿಂತ.

“ಮುಗೀತಪ್ಪ, ಬಾ,” ಎಂದು ಅಪ್ಪ ಕರೆದ. ಒಳಗೆ ಹೋದರೆ ಅಪ್ಪ ಅದೇ ಭಂಗಿಯಲ್ಲಿ, ಕೈಗಳ ಮೇಲೆ ಕೂತಿದ್ದ. ಪರದೆಯ ಮೇಲೆ ಕರೆ ಮುಗಿದಿದೆ ಎಂಬ ಅಕ್ಷರ. “ಒಳ್ಳೆ ಹೆಂಗಸು. ಇದೇ ಭಾನುವಾರ ಬನ್ನಿ ಅಂದ್ರು. ಇದನ್ನ ಆರಿಸೋದಿದ್ರೆ ಆರಿಸು, ಸುಮ್ನೆ ಉರೀತಿದೆ.” “ನೀನೇ ಆರಿಸಪ್ಪ,” ಎಂದ ಅವನು. ದನಿ ಬಿರುಸಾಗಿಯೇ ಬಂತು, ಬೇಡಿಕೊಳ್ಳುವ ದನಿ ಅವನಿಗೆ ಬರುತ್ತಿರಲಿಲ್ಲ. “ಪ್ಲಗ್ಗೂ ಕಿತ್ತುಬಿಡು. ನಾನೇ ಹೇಳ್ತಿದೀನಲ್ಲ, ಕೀಳಪ್ಪ.” ಅಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿದ. ಪ್ಲಗ್ಗಿನಿಂದ ಹರಿದ ಟೇಪಿನ ಚೂರೊಂದು ಜೋತಾಡುತ್ತಿತ್ತು. ಒಂದು ಕ್ಷಣ ಕೀಳುತ್ತಾನೆ ಎಂದೇ ಅವನಿಗನ್ನಿಸಿತು. “ಇರ್ಲಿ ಬಿಡು,” ಎಂದು ಅಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. “ನಿನ್ನ ಕೆಲಸದ್ದು ಅದು. ಈ ಶೂ ಒಂದು ಬಿಚ್ಚಬೇಕು, ಕಾಲು ಹಿಡ್ಕೊಂಡಿದೆ. ನನ್ನ ಕೋಣೆ ಲೈಟು ಸ್ವಲ್ಪ ಹಾಕಿಕೊಡ್ತೀಯೇನಪ್ಪ?”

ಅವನು ಮುಂದೆ ಹೋಗಿ ಲೈಟು ಹಾಕಿದ. ಅಪ್ಪ ಹಾಸಿಗೆಯ ತುದಿಯಲ್ಲಿ ಕೂತು ಲೇಸಿಗೆ ಬಗ್ಗಿದ. ಅವನ ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು. ಹೇಳುವುದು ಎಷ್ಟೋ ಇತ್ತು. ಬಾಯಿಂದ ಹೊರಬಿದ್ದದ್ದು ಮಾತ್ರ, ದಿನವೂ ಮುಖ ಕಾಣದವರಿಗೆ ಹೇಳಿ ಹೇಳಿ ನಾಲಿಗೆಯ ತುದಿಯಲ್ಲೇ ಇರುತ್ತಿದ್ದ ಮಾತು. “ಇನ್ನೇನಾದ್ರೂ ಬೇಕಿತ್ತಾ ಅಪ್ಪ?”

“ಏನೂ ಇಲ್ಲ,” ಎಂದ ಅಪ್ಪ, ತಲೆಯೆತ್ತದೆ. “ನೀನು ಹೋಗಪ್ಪ, ನಿನ್ನ ಕೆಲಸ ನೋಡ್ಕೋ.”